ಊರಿನ ಆರೋಗ್ಯದ ಕಾವಲು

ಕುಂದಾಪುರದಿಂದ ಬೈಂದೂರಿನ ಕಡೆಗೆ ಸಾಗುವ ಹೆದ್ದಾರಿಯು ತ್ರಾಸಿಯನ್ನು ದಾಟಿ ಮರವಂತೆಯನ್ನು ಸೇರುವಲ್ಲಿ ಒಂದು ಅಪರೂಪದ ನೋಟವು ಕಣ್ಣಿಗೆ ಬೀಳುತ್ತದೆ. ಎಡಗಡೆಗೆ ಅರಬ್ಬೀ ಸಮುದ್ರ. ಬಲಗಡೆಗೆ ಸೌಪರ್ಣಿಕಾ ನದಿ. ಇವೆರಡರ ನಡುವೆ ರಸ್ತೆಯೊಂದು ಹಾಯಲು ಸಾಲುವಷ್ಟೇ ನೆಲ. ಘಟ್ಟದ ಕಾಡಿನಿಂದ ಕೊಲ್ಲೂರನ್ನು ಹಾದು ಇಳಿದುಬಂದ ನದಿಯು ಕಡಲನ್ನು ಇಷ್ಟು ಸಮೀಪಿಸಿಯೂ ಇಲ್ಲಿ ಅದನ್ನು ಕೂಡದೆ, ದಕ್ಷಿಣಕ್ಕೆ ಹರಿದು ಗಂಗೊಳ್ಳಿಯ ಅಳಿವೆಯಲ್ಲಿ ಸಾಗರವನ್ನು ಸೇರುತ್ತದೆ. ದಾರಿಹೋಕರು ವಾಹನವನ್ನು ನಿಲ್ಲಿಸಿ ಈ ಚೆಲುವನ್ನು ನೋಡಿ ಮುಂದೆ ಸಾಗುತ್ತಾರೆ. ಅವರ ಕಣ್ಣಿಗೆ ಬೀಳದ ಇನ್ನೊಂದು ಸಂಗತಿಯುಂಟು. ಈ ನೆಲದಲ್ಲಿ ಬಾಳುವ ಜನರ ಆರೋಗ್ಯವನ್ನು ಕಾಯುವ ಕೆಲಸವು ಮನೆಯಿಂದ ಮನೆಗೆ, ಅಂಗಳದಿಂದ ಅಂಗಳಕ್ಕೆ, ಸದ್ದಿಲ್ಲದೆ ನಡೆಯುತ್ತಿರುತ್ತದೆ. ಆ ಕೆಲಸವನ್ನು ಮಾಡುವವರು ಯಾರು, ಅದಕ್ಕೆ ಬೇಕಾದ ಮನಸ್ಸು ಅವರಿಗೆ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯುವುದೇ ಈ ಪಾಠದ ಉದ್ದೇಶ.

ಮರವಂತೆಯೂ ಅದರ ಸುತ್ತಣ ತ್ರಾಸಿ, ನಾವುಂದ, ಗಂಗೊಳ್ಳಿ ಮೊದಲಾದ ಊರುಗಳೂ ಕಡಲನ್ನೂ ಗದ್ದೆಯನ್ನೂ ನಂಬಿದ ಊರುಗಳು. ನಾಡದೋಣಿಯಲ್ಲಿ ಬಲೆ ಬೀಸುವವರು, ಮೀನನ್ನು ಬುಟ್ಟಿಯಲ್ಲಿ ಹೊತ್ತು ಮಾರುವವರು, ಬತ್ತದ ಗದ್ದೆಯಲ್ಲಿ ನೇಜಿ ನೆಡುವವರು, ತೆಂಗಿನ ತೋಟವನ್ನು ನೋಡಿಕೊಳ್ಳುವವರು ಇಲ್ಲಿ ಇದ್ದಾರೆ. ಇವರೊಡನೆ, ಊರಿನಲ್ಲಿ ಮನೆಯಿದ್ದು ದುಡಿಮೆ ಮಾತ್ರ ದೂರದಲ್ಲಿರುವ ಜನರೂ ಬಹಳ. ಕುಂದಾಪುರ ಮತ್ತು ಬೈಂದೂರು ಸೀಮೆಯಿಂದ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ದುಡಿಯುವುದು ಹಲವು ತಲೆಮಾರುಗಳಿಂದ ನಡೆದುಬಂದ ರೂಢಿ. ಹೀಗೆ ಈ ಊರುಗಳಿಗೆ ಸಮುದ್ರದಿಂದ, ನದಿಯಿಂದ, ಹೆದ್ದಾರಿಯಿಂದ, ಕೊಂಕಣ ರೈಲಿನಿಂದ ಜನರು ಬಂದುಹೋಗುತ್ತಲೇ ಇರುತ್ತಾರೆ. ಮನುಷ್ಯನು ನಡೆದಾಡುವ ದಾರಿಯಲ್ಲಿಯೇ ರೋಗವೂ ನಡೆದಾಡುತ್ತದೆ.

ಒಬ್ಬರಿಂದ ಒಬ್ಬರಿಗೆ, ಅಥವಾ ಪ್ರಾಣಿ, ಕೀಟ, ನೀರುಗಳ ಮೂಲಕ ಮನುಷ್ಯರಿಗೆ ಹರಡುವ ರೋಗಗಳನ್ನು ಸಾಂಕ್ರಾಮಿಕ ರೋಗಗಳೆಂದು ಕರೆಯುತ್ತೇವೆ. ಇವುಗಳಿಗೂ ಇತರ ಬೇನೆಗಳಿಗೂ ಒಂದು ಮುಖ್ಯವಾದ ಅಂತರವಿದೆ. ಮುರಿದ ಕಾಲು ಅದನ್ನು ಮುರಿದುಕೊಂಡವನನ್ನು ಮಾತ್ರ ಬಾಧಿಸುತ್ತದೆ. ಆದರೆ ಒಂದು ಮನೆಯಲ್ಲಿ ಮುಚ್ಚಿಟ್ಟ ಜ್ವರವು ಹತ್ತು ಮನೆಗಳ ಜ್ವರವಾಗಬಲ್ಲದು. ಆದುದರಿಂದ ಸಾಂಕ್ರಾಮಿಕ ರೋಗವನ್ನು ತಡೆಯುವ ಕಾರ್ಯವು ಆಸ್ಪತ್ರೆಯಲ್ಲಿ ಆರಂಭವಾದರೆ ತಡವಾಯಿತೆಂದೇ ಅರ್ಥ. ಅದು ಮನೆಯಲ್ಲಿ, ಮೊದಲ ಜ್ವರ ಕಾಣಿಸಿಕೊಂಡ ದಿನವೇ ಆರಂಭವಾಗಬೇಕು. ಪ್ರತಿಯೊಂದು ಮನೆಯ ಬಾಗಿಲಿಗೂ ವೈದ್ಯರು ಹೋಗುವುದು ಸಾಧ್ಯವಿಲ್ಲ. ಊರಿನವರೇ ಆದ, ಊರಿನ ಮಾತನ್ನು ಬಲ್ಲ ಒಬ್ಬರು ಹೋಗಬೇಕಾಗುತ್ತದೆ.

ಈ ವಿಚಾರ ಹೊಸದಲ್ಲ. 1977ನೆಯ ಅಕ್ಟೋಬರ್ 2ರಂದು ಭಾರತ ಸರ್ಕಾರವು ಹಳ್ಳಿಯ ಜನರೇ ಆರಿಸಿದ ಆರೋಗ್ಯ ಕಾರ್ಯಕರ್ತರ ಯೋಜನೆಯೊಂದನ್ನು ಆರಂಭಿಸಿತು. ಮೂರು ತಿಂಗಳ ತರಬೇತಿ, ಸರಳವಾದ ಔಷಧಗಳ ಒಂದು ಪೆಟ್ಟಿಗೆ, ತಿಂಗಳಿಗೆ 50 ರೂಪಾಯಿ ಗೌರವಧನ, ಇಷ್ಟೇ ಅವರಿಗೆ ದೊರೆಯುತ್ತಿದ್ದುದು. 1980ರಲ್ಲಿ ಅವರನ್ನು ಸಮುದಾಯ ಆರೋಗ್ಯ ಸ್ವಯಂಸೇವಕರೆಂದೂ 1981ರಲ್ಲಿ ಗ್ರಾಮ ಆರೋಗ್ಯ ಮಾರ್ಗದರ್ಶಿಗಳೆಂದೂ ಕರೆಯಲಾಯಿತು. 1978ರಲ್ಲಿ ಆಲ್ಮಾ ಆಟಾ ಎಂಬಲ್ಲಿ ಸೇರಿದ ಜಾಗತಿಕ ಸಮ್ಮೇಳನವೂ ಜನರ ಪಾಲುಗಾರಿಕೆಯಿಲ್ಲದೆ ಜನರ ಆರೋಗ್ಯವಿಲ್ಲವೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಮುಂದೆ 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆರಂಭವಾದಾಗ ಈ ವಿಚಾರಕ್ಕೆ ಹೊಸ ರೂಪ ಬಂದಿತು. ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಆಯಾ ಊರಿನ ಮಹಿಳೆಯನ್ನೇ ಆರಿಸಿ, ಮೊದಲ ವರ್ಷದಲ್ಲಿ 23 ದಿನಗಳ ತರಬೇತಿಯನ್ನು ಕೊಟ್ಟು, ಅವರಿಗೆ ‘ಆಶಾ’ ಎಂಬ ಹೆಸರನ್ನಿಡಲಾಯಿತು. ಆಶಾ ಕಾರ್ಯಕರ್ತೆಯು ಸರ್ಕಾರದ ಸಂಬಳದ ನೌಕರಳಲ್ಲ. ಯೋಜನೆಯ ಮಾತಿನಲ್ಲಿ ಆಕೆ ಸ್ವಯಂಸೇವಕಿ. ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನವನ್ನು ಪಡೆಯುವವಳು.

ಮರವಂತೆಯಂಥ ಕಡಲತೀರದ ಊರಿನಲ್ಲಿ ಆಕೆಯ ಕೆಲಸ ಎಂತಹುದು? ಮಳೆಗಾಲವನ್ನೇ ನೋಡೋಣ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಗಳು ದಡವನ್ನೇರುತ್ತವೆ. ಅವುಗಳ ಮೇಲೆ ಹೊದಿಸಿದ ಟಾರ್ಪಾಲಿನ ಮಡಿಕೆಗಳಲ್ಲಿ ಮಳೆಯ ನೀರು ನಿಲ್ಲುತ್ತದೆ. ತೋಟದಲ್ಲಿ ಬಿದ್ದ ತೆಂಗಿನ ಚಿಪ್ಪು, ಅಡಿಕೆಯ ಹಾಳೆ, ಅಂಗಳದ ಮೂಲೆಯ ಹಳೆಯ ಟಯರು, ರಬ್ಬರು ತೋಟದ ಹಾಲು ಹಿಡಿಯುವ ಚಿಪ್ಪುಗಳು, ಇವೆಲ್ಲವೂ ಡೆಂಗೀ ಜ್ವರವನ್ನು ಹರಡುವ ಸೊಳ್ಳೆಗೆ ತೊಟ್ಟಿಲಾಗುತ್ತವೆ. ಮೊಟ್ಟೆಯು ಹಾರುವ ಸೊಳ್ಳೆಯಾಗಲು ವಾರದಿಂದ ಹತ್ತು ದಿನಗಳು ಬೇಕು. ಆದುದರಿಂದ ವಾರಕ್ಕೊಮ್ಮೆ ಈ ನೀರನ್ನೆಲ್ಲ ಚೆಲ್ಲಿದರೆ ಒಂದು ಪೀಳಿಗೆಯ ಸೊಳ್ಳೆಯು ಹುಟ್ಟುವ ಮೊದಲೇ ಅಳಿಯುತ್ತದೆ. ಇದು ಎಷ್ಟು ಸುಲಭವಾದ ಉಪಾಯ! ಆದರೆ ಪ್ರತಿ ವಾರವೂ, ಪ್ರತಿಯೊಂದು ಮನೆಯವರೂ ಇದನ್ನು ಮಾಡಬೇಕಲ್ಲ? ಅದನ್ನು ಬೇಸರವಿಲ್ಲದೆ ನೆನಪಿಸುವವರು ಬೇಕಲ್ಲ?

ಗದ್ದೆಗಳಲ್ಲಿ ನಾಟಿಯ ಕೆಲಸ ನಡೆಯುವುದೂ ಇದೇ ಕಾಲದಲ್ಲಿ. ಇಲಿಯ ಮೂತ್ರವು ಬೆರೆತ ಕೆಸರುನೀರಿನಲ್ಲಿ ಬರಿಗಾಲಿನಲ್ಲಿ ನಿಂತವರಿಗೆ, ಕಾಲಿನ ಗಾಯ ಅಥವಾ ಬಿರುಕಿನ ಮೂಲಕ ರೋಗಾಣುವು ದೇಹವನ್ನು ಸೇರಿ ಇಲಿಜ್ವರ ಬರುತ್ತದೆ. ಮೊದಲು ಸಾಮಾನ್ಯ ಜ್ವರ, ಮೈಕೈ ನೋವಿನಂತೆಯೇ ಕಾಣುವ ಇದು ಅಲಕ್ಷಿಸಿದರೆ ಮೂತ್ರಪಿಂಡವನ್ನೂ ಯಕೃತ್ತನ್ನೂ ಕೆಡಿಸಿ ಪ್ರಾಣಕ್ಕೆ ಎರವಾಗಬಹುದು. ಬೇಗನೆ ಗುರುತಿಸಿದರೆ ಇದಕ್ಕೆ ಒಳ್ಳೆಯ ಔಷಧವಿದೆ. ‘ನಾಟಿ ಮುಗಿಯಲಿ, ಆಮೇಲೆ ಆಸ್ಪತ್ರೆಗೆ ಹೋಗೋಣ’ ಎನ್ನುವ ಮನೆಯೊಡತಿಗೆ, ‘ನಾಟಿಗಿಂತ ಜೀವ ದೊಡ್ಡದು’ ಎಂದು ಹೇಳಿ ಅಂದೇ ಹೊರಡಿಸುವವರು ಬೇಕು.

ಇಂತಹ ಮಳೆಗಾಲದ ಒಂದು ಬೆಳಗ್ಗೆ ಛತ್ರಿ ಹಿಡಿದು, ಚೀಲವೊಂದನ್ನು ಹೆಗಲಿಗೇರಿಸಿಕೊಂಡು ಆಶಾ ಕಾರ್ಯಕರ್ತೆಯು ಮನೆಯೊಂದರ ಅಂಗಳದಲ್ಲಿ ನಿಂತು ಕೇಳುವುದನ್ನು ಊಹಿಸಿಕೊಳ್ಳಿರಿ: ‘ಹ್ವಾಯ್, ಮನಿಯಂಗೆ ಯಾರಿಗಾರೂ ಜ್ವರ ಇತ್ತಾ?’ ಕುಂದಾಪುರದ ಕನ್ನಡದಲ್ಲಿ ‘ಇತ್ತಾ’ ಎಂದರೆ ‘ಇದೆಯೇ’ ಎಂದರ್ಥ. ಒಳಗಿನಿಂದ ಕೆಮ್ಮಿನ ಸದ್ದು ಕೇಳಿಸುತ್ತದೆ. ಹೊರಗೆ ಬಂದವರು ‘ಎಂತದೂ ಇಲ್ಲ’ ಎನ್ನುತ್ತಾರೆ. ಆಕೆ ಈಗ ಏನು ಮಾಡಬೇಕು? ಗದರಿಸಿದರೆ ಮುಂದಿನ ವಾರ ಆ ಬಾಗಿಲು ತೆರೆಯದು. ಸುಮ್ಮನೆ ಹೋದರೆ ರೋಗಿಗೆ ಕೇಡು, ಊರಿಗೂ ಕೇಡು. ಆಕೆ ಜಗಲಿಯಲ್ಲಿ ಕುಳಿತು ಮಕ್ಕಳ ವಿಷಯ, ದನದ ವಿಷಯ, ಕಡಲಿನ ವಿಷಯ ಮಾತನಾಡುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಮನೆಯವರೇ, ‘ಅಜ್ಜನಿಗೆ ನಾಲ್ಕು ದಿನದಿಂದ ಜ್ವರ’ ಎಂದು ಹೇಳುತ್ತಾರೆ. ರೋಗನಿಯಂತ್ರಣದ ಮೊದಲ ಹೆಜ್ಜೆ ಇಲ್ಲಿ ಬಿದ್ದಿತು. ಪ್ರಯೋಗಾಲಯದ ಎಲ್ಲ ಸಾಧನಗಳೂ ಈ ಒಂದು ವಾಕ್ಯದ ಮುಂದೆ ಕಾದು ನಿಂತಿರುತ್ತವೆ. ಅದನ್ನು ಹೊರಡಿಸುವ ಶಕ್ತಿ ಯಂತ್ರಕ್ಕಿಲ್ಲ. ನೆರೆಯವರ ನಂಬಿಕೆಯನ್ನು ಗಳಿಸಿದ ಮನುಷ್ಯರಿಗೆ ಮಾತ್ರ ಇದೆ.

ಇಂತಹ ಕೆಲಸದಲ್ಲಿ ಅಪಾಯವೂ ಉಂಟು. ರೋಗಿಯ ಬಳಿಗೆ ಹೋಗುವವರು ರೋಗದ ಬಳಿಗೂ ಹೋಗುತ್ತಾರೆ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಸಾವಿತ್ರಿಬಾಯಿ ಫುಲೆಯವರು ರೋಗಿಗಳನ್ನು ತಮ್ಮ ಮಗನ ಚಿಕಿತ್ಸಾಲಯಕ್ಕೆ ಕರೆತಂದು ಶುಶ್ರೂಷೆ ಮಾಡುತ್ತಿದ್ದರು. ಅವರಿಗೂ ಸೋಂಕು ತಗಲಿ ಅದೇ ವರ್ಷದ ಮಾರ್ಚ್ 10ರಂದು ತೀರಿಕೊಂಡರು. ಹೆಣ್ಣುಮಕ್ಕಳಿಗೆ ಅಕ್ಷರದ ಬಾಗಿಲನ್ನು ತೆರೆದ ಆ ಮಹಾತಾಯಿಯು ರೋಗಿಗಳ ಸೇವೆಯಲ್ಲಿಯೇ ಪ್ರಾಣವನ್ನು ಬಿಟ್ಟರೆಂಬುದನ್ನು ನಾವು ಮರೆಯಲಾಗದು.

ಹಾಗೆಯೇ ಮೈಲಿಬೇನೆಯೆಂಬ ಸಿಡುಬು ರೋಗವನ್ನು ನೆನೆಯಿರಿ. ಊರಿಗೆ ಊರೇ ಬರಿದಾಗುವಂತೆ ಮಾಡುತ್ತಿದ್ದ ಈ ರೋಗವನ್ನು ಅಳಿಸಲು 1970ರ ದಶಕದಲ್ಲಿ ಆರೋಗ್ಯ ಕಾರ್ಯಕರ್ತರು ರೋಗಿಯ ಚಿತ್ರವಿದ್ದ ಕಾರ್ಡನ್ನು ಕೈಯಲ್ಲಿ ಹಿಡಿದು, ‘ಇಂಥವರನ್ನು ಎಲ್ಲಿಯಾದರೂ ಕಂಡಿರಾ?’ ಎಂದು ದೇಶದ ಮನೆಮನೆಯಲ್ಲಿ ವಿಚಾರಿಸಿದರು. ರೋಗಿಯು ಸಿಕ್ಕಿದೊಡನೆ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿ ರೋಗಕ್ಕೆ ಬೇಲಿ ಕಟ್ಟಿದರು. 1975ರಲ್ಲಿ ಭಾರತದ ಕೊನೆಯ ಸಿಡುಬು ಪ್ರಕರಣವು ಕಂಡುಬಂದಿತು. 1980ನೆಯ ಮೇ 8ರಂದು ಜಗತ್ತೇ ಆ ರೋಗದಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಪೋಲಿಯೊ ರೋಗದ ಕಥೆಯೂ ಇಂತಹುದೇ. ಎರಡು ಹನಿ ಲಸಿಕೆಯನ್ನು ಹಾಕಿ ಮಗುವಿನ ಬೆರಳಿಗೆ ಮಸಿಯ ಗುರುತನ್ನು ಹಚ್ಚುತ್ತ, ತಪ್ಪಿಹೋದ ಮಗುವನ್ನು ಹುಡುಕಿಕೊಂಡು ಮರುದಿನ ಮನೆಗೇ ಹೋಗುತ್ತ ಲಕ್ಷಾಂತರ ಸ್ವಯಂಸೇವಕರು ದುಡಿದರು. 2011ನೆಯ ಜನವರಿಯ ಬಳಿಕ ಭಾರತದಲ್ಲಿ ಕಾಡುಪೋಲಿಯೊದ ಪ್ರಕರಣವು ಕಾಣಿಸಲಿಲ್ಲ. 2014ನೆಯ ಮಾರ್ಚ್ 27ರಂದು ದೇಶವು ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರವನ್ನು ಪಡೆಯಿತು.

ಈ ವಿಜಯಗಳನ್ನು ಓದುವಾಗ ಸೇವಕರ ಮನಸ್ಸು ಸದಾ ಸಿದ್ಧವಾಗಿಯೇ ಇರುತ್ತದೆಂದು ನಮಗೆ ತೋರಬಹುದು. ಆದರೆ ಆ ಮನಸ್ಸಿಗೂ ಪರೀಕ್ಷೆಯ ಕಾಲ ಬರುತ್ತದೆ. 2020ನೆಯ ವರ್ಷವು ಅಂತಹ ಕಾಲ. ಆ ವರ್ಷದ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾ ಸೋಂಕನ್ನು ಜಾಗತಿಕ ಪಿಡುಗೆಂದು ಸಾರಿತು. ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿತು. ಎಲ್ಲರೂ ಮನೆಯೊಳಗೆ ಇರಬೇಕೆಂಬ ಆಜ್ಞೆಯಾದಾಗ ಆಶಾ ಕಾರ್ಯಕರ್ತೆಯರು ಮನೆಯಿಂದ ಹೊರಗೆ ಹೊರಟರು. ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ರಾಜ್ಯದ ಸುಮಾರು 1 ಕೋಟಿ 59 ಲಕ್ಷ ಮನೆಗಳ ಸಮೀಕ್ಷೆಯಲ್ಲಿ ಪಾಲುಗೊಂಡು, ವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಮೊದಲಾದ ಬೇನೆಗಳುಳ್ಳವರು ಎಲ್ಲೆಲ್ಲಿ ಇದ್ದಾರೆಂಬುದನ್ನು ಗುರುತಿಸಿದರು. ಲೆಕ್ಕ ಹಾಕಿದರೆ ಒಬ್ಬೊಬ್ಬರ ಪಾಲಿಗೆ ಸರಾಸರಿ 380ರಷ್ಟು ಮನೆಗಳಾಗುತ್ತವೆ.

ಕರಾವಳಿಯ ಈ ಭಾಗಕ್ಕೆ ನಿಜವಾದ ಪರೀಕ್ಷೆ ಬಂದುದು ಮೇ ತಿಂಗಳಲ್ಲಿ. ಮುಂಬಯಿಯಲ್ಲಿ ಸೋಂಕು ತೀವ್ರವಾಗಿತ್ತು, ಹೋಟೆಲುಗಳು ಮುಚ್ಚಿದ್ದುವು. ದುಡಿಮೆಯನ್ನೂ ಇರುವ ಜಾಗವನ್ನೂ ಕಳೆದುಕೊಂಡ ಜನರು ಊರಿನ ಕಡೆಗೆ ಹೊರಟರು. ಕುಂದಾಪುರ ಮತ್ತು ಬೈಂದೂರು ತಾಲ್ಲೂಕುಗಳ ಶಾಲೆಗಳೂ ವಿದ್ಯಾರ್ಥಿನಿಲಯಗಳೂ ಹೊರಗಿನಿಂದ ಬಂದವರನ್ನು ಪ್ರತ್ಯೇಕವಾಗಿರಿಸುವ ಕೇಂದ್ರಗಳಾದುವು. ಮಕ್ಕಳು ಕುಳಿತು ಪಾಠ ಕೇಳುತ್ತಿದ್ದ ಕೊಠಡಿಗಳಲ್ಲಿ ಮುಂಬಯಿಯಿಂದ ಬಂದ ಸಂಸಾರಗಳು ದಿನಗಳನ್ನು ಎಣಿಸುತ್ತ ಕುಳಿತುವು. 2020ನೆಯ ಜೂನ್ 2ರಂದು ರಾಜ್ಯದಲ್ಲಿ ಪತ್ತೆಯಾದ 388 ಹೊಸ ಪ್ರಕರಣಗಳಲ್ಲಿ 150 ಪ್ರಕರಣಗಳು ಉಡುಪಿ ಜಿಲ್ಲೆಯವಾಗಿದ್ದುವು. ಅವರಲ್ಲಿ ಬಹುಪಾಲು ಜನ ಮಹಾರಾಷ್ಟ್ರದಿಂದ ಮರಳಿದವರು.

ಈ ಜನರು ಪರಕೀಯರೇ? ಅಲ್ಲ. ಅವರು ಕಳುಹಿಸಿದ ಹಣದಿಂದ ಊರಿನ ಮನೆಗಳಿಗೆ ಹೆಂಚು ಹೊದಿಸಲಾಗಿತ್ತು, ತಂಗಿಯರ ಮದುವೆಗಳು ನಡೆದಿದ್ದುವು, ತಮ್ಮಂದಿರು ಓದಿದ್ದರು. ದೇವಸ್ಥಾನದ ಜಾತ್ರೆಗೂ ಶಾಲೆಯ ಕಟ್ಟಡಕ್ಕೂ ಅವರ ಕೈಯಿಂದಲೇ ನೆರವು ಬಂದಿತ್ತು. ಆದರೆ ಭಯವು ಬಂದಾಗ ಮನುಷ್ಯನಿಗೆ ನೆನಪು ಕಡಮೆಯಾಗುತ್ತದೆ. ‘ಮುಂಬಯಿಯವರು ಬಂದರು’ ಎಂಬ ಮಾತು ಹಿಂದೆ ಹಬ್ಬದ ಸುದ್ದಿಯಾಗಿತ್ತು. ಆ ವರ್ಷ ಅದು ಹೆದರಿಕೆಯ ಸುದ್ದಿಯಾಯಿತು. ರೋಗವನ್ನು ದೂರವಿರಿಸಬೇಕೆಂಬ ಎಚ್ಚರವು ರೋಗಿಯನ್ನೇ ದೂರ ತಳ್ಳುವ ಕಾಠಿಣ್ಯವಾಗಿ ಮಾರ್ಪಡಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ಇಂತಹ ಹೊತ್ತಿನಲ್ಲಿ ಊರಿನ ಭಯ ಮತ್ತು ಬಂದವರ ಸಂಕಟ, ಇವೆರಡರ ನಡುವೆ ನಿಂತವಳು ಆಶಾ ಕಾರ್ಯಕರ್ತೆ. ಮರಳಿ ಬಂದವರ ಹೆಸರನ್ನು ಬರೆದುಕೊಳ್ಳುವುದು, ಮನೆಯಲ್ಲಿ ಪ್ರತ್ಯೇಕವಾಗಿರುವವರನ್ನು ವಿಚಾರಿಸುವುದು, ಜ್ವರ ಅಥವಾ ಉಸಿರಾಟದ ತೊಂದರೆ ಕಾಣಿಸಿದರೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು, ಸೋಂಕಿತರ ಜೊತೆಯಲ್ಲಿದ್ದವರನ್ನು ಗುರುತಿಸುವುದು, ಇವೆಲ್ಲ ಆಕೆಯ ಹೊಣೆಯಾದುವು. ಇವುಗಳ ಜೊತೆಗೆ ಬಸುರಿಯರ ಆರೈಕೆ, ಕೂಸುಗಳ ಲಸಿಕೆ ಮೊದಲಾದ ಎಂದಿನ ಕೆಲಸಗಳೂ ನಿಲ್ಲುವಂತಿರಲಿಲ್ಲ. ಆಕೆಯ ಮನೆಯಲ್ಲಿಯೂ ವೃದ್ಧಳಾದ ಅತ್ತೆ ಇದ್ದಿರಬಹುದು, ಸಣ್ಣ ಮಗುವಿದ್ದಿರಬಹುದು, ಆಕೆಯ ಗಂಡನೋ ಅಣ್ಣನೋ ಮುಂಬಯಿಯಿಂದ ಬಂದವರಲ್ಲಿ ಒಬ್ಬನಾಗಿದ್ದಿರಲೂಬಹುದು. ಸಂಜೆ ಮನೆಗೆ ಬಂದು, ಹೊರಗಡೆಯೇ ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿ, ‘ನನ್ನಿಂದ ಮನೆಯವರಿಗೆ ರೋಗ ಬಂದರೆ?’ ಎಂಬ ಪ್ರಶ್ನೆಯೊಡನೆ ಒಳಗೆ ಕಾಲಿಡುವ ತಾಯಿಯ ಮನಸ್ಸನ್ನು ಅರಿಯಲು ಹೆಚ್ಚಿನ ವಿವರಣೆ ಬೇಕಿಲ್ಲ.

ಆದರೂ ಅವರು ಹೋದರು. ಏಕೆ ಹೋದರು? ಇದನ್ನು ತ್ಯಾಗವೆಂದು ಒಂದೇ ಮಾತಿನಲ್ಲಿ ಹೊಗಳಿ ಮುಗಿಸುವುದು ಸುಲಭ. ಆದರೆ ಆ ಹೊಗಳಿಕೆಯಲ್ಲಿ ಒಂದು ಅಪಾಯವಿದೆ. ತ್ಯಾಗವೆಂದು ಕರೆದೊಡನೆ ನಮ್ಮ ಹೊಣೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ಸೇವೆಗೆ ಸಿದ್ಧವಾದ ಮನಸ್ಸು ಆಕಾಶದಿಂದ ಇಳಿದುಬರುವ ವರವಲ್ಲ. ನೆಲದಲ್ಲಿ ಬೆಳೆಯುವ ಬೆಳೆ. ಅದಕ್ಕೆ ನೀರು, ಗೊಬ್ಬರ, ಬೇಲಿಗಳು ಬೇಕು.

ಮೊದಲನೆಯದಾಗಿ ಬೇಕಾದುದು ತಿಳಿವಳಿಕೆ. ರೋಗವು ಹೇಗೆ ಹರಡುತ್ತದೆಂದು ಬಲ್ಲವರಿಗೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದು ಗೊತ್ತಿರುತ್ತದೆ. ಡೆಂಗೀ ರೋಗಿಯನ್ನು ಮುಟ್ಟಿದರೆ ಡೆಂಗೀ ಬರುವುದಿಲ್ಲ. ಸೊಳ್ಳೆ ಕಚ್ಚಿದರೆ ಬರುತ್ತದೆ. ಕೊರೋನಾ ರೋಗಿಯ ಹೆಸರನ್ನು ಹೇಳಿದರೆ ಸೋಂಕು ತಗಲುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಆತನ ಉಸಿರಿನ ಬಳಿ ಬಹುಕಾಲ ಇದ್ದರೆ ತಗಲಬಹುದು. ಕತ್ತಲೆಯಲ್ಲಿ ಹಗ್ಗವನ್ನು ಹಾವೆಂದು ತಿಳಿದು ಓಡುವವನಿಗೆ ದೀಪವು ಎಷ್ಟು ಸಹಾಯಕವೋ, ಸೇವಕರಿಗೆ ತರಬೇತಿಯೂ ಅಷ್ಟೇ ಸಹಾಯಕ.

ಎರಡನೆಯದು ರಕ್ಷಣೆ. ಮೂಗುಬಾಯಿಗಳಿಗೆ ಮುಸುಕು, ಕೈಗೆ ಗವಸು, ಕೈ ತೊಳೆಯಲು ಸಾಬೂನು ಇವು ಸಣ್ಣ ವಸ್ತುಗಳು. ಆದರೆ ಇವನ್ನು ಕೊಡದೆ ಸೇವಕರನ್ನು ಕಳುಹಿಸುವುದೆಂದರೆ ಗುರಾಣಿಯಿಲ್ಲದೆ ಸೈನಿಕನನ್ನು ಯುದ್ಧಕ್ಕೆ ಅಟ್ಟಿದಂತೆ. 2020ನೆಯ ಮಾರ್ಚ್ ಕೊನೆಯಲ್ಲಿ ಕೇಂದ್ರ ಸರ್ಕಾರವು ಆರೋಗ್ಯ ಕಾರ್ಯಕರ್ತರಿಗೆ ಪ್ರಕಟಿಸಿದ 50 ಲಕ್ಷ ರೂಪಾಯಿಗಳ ವಿಮೆಯಲ್ಲಿ ಆಶಾ ಕಾರ್ಯಕರ್ತೆಯರನ್ನೂ ಸೇರಿಸಿತು. ತನಗೇನಾದರೂ ಆದರೆ ತನ್ನ ಮಕ್ಕಳ ಗತಿಯೇನು ಎಂಬ ಚಿಂತೆಗೆ ಅದು ಒಂದು ಮಟ್ಟಿನ ಉತ್ತರವಾಗಿತ್ತು.

ಮೂರನೆಯದು ನ್ಯಾಯವಾದ ಪ್ರತಿಫಲ. 2020ನೆಯ ಜುಲೈ 10ರಿಂದ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನವನ್ನೂ ಸಾಕಷ್ಟು ರಕ್ಷಣಾ ಸಾಮಗ್ರಿಗಳನ್ನೂ ಕೇಳಿ ಮುಷ್ಕರವನ್ನು ಆರಂಭಿಸಿದರು. ಪಿಡುಗಿನ ನಡುವೆ ಸೇವಕರು ಹೀಗೆ ಮಾಡಬಹುದೇ ಎಂದು ಕೆಲವರು ಕೇಳಬಹುದು. ಅದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದಲೂ ಕೇಳಬೇಕು: ಪಿಡುಗಿನ ನಡುವೆ ದುಡಿಯುವವರನ್ನು ನಾವು ಹೀಗೆ ನಡೆಸಿಕೊಳ್ಳಬಹುದೇ? ಸೇವೆ ಮಾಡುವ ಮನಸ್ಸು ಮತ್ತು ಬದುಕಲು ಸಾಲುವ ಸಂಪಾದನೆಯ ಬೇಡಿಕೆ ಒಂದಕ್ಕೊಂದು ವಿರೋಧಿಗಳಲ್ಲ. ಹಸಿದ ಹೊಟ್ಟೆಯ ದೋಣಿಗಾರನು ಎಷ್ಟೇ ಒಳ್ಳೆಯವನಾದರೂ ಬಹಳ ದೂರ ಹುಟ್ಟು ಹಾಕಲಾರನು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಊರಿನವರ ಗೌರವ. 2020ನೆಯ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿಯೇ ಸಮೀಕ್ಷೆಗೆಂದು ಹೋದ ಆಶಾ ಕಾರ್ಯಕರ್ತೆಯರನ್ನು ಅಡ್ಡಗಟ್ಟಿ ಹಲ್ಲೆ ಮಾಡಿದ ಘಟನೆಯು ನಡೆಯಿತು. ದೇಶದ ಬೇರೆ ಕಡೆಗಳಿಂದಲೂ ಇಂತಹ ವರದಿಗಳು ಬಂದುವು. ಪ್ಲೇಗಿನ ಕಾಲದಲ್ಲಿ, 1897ರಲ್ಲಿ ಆದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು 2020ರಲ್ಲಿ ತಿದ್ದುಪಡಿ ಮಾಡಿ, ಆರೋಗ್ಯ ಸೇವಕರ ಮೇಲೆ ಹಲ್ಲೆ ಮಾಡುವವರಿಗೆ ಮೂರು ತಿಂಗಳಿಂದ ಐದು ವರ್ಷಗಳವರೆಗೆ, ತೀವ್ರವಾದ ಗಾಯವಾದರೆ ಏಳು ವರ್ಷಗಳವರೆಗೂ ಸೆರೆವಾಸವನ್ನು ವಿಧಿಸಲಾಯಿತು. ಕಾಯಿದೆಯು ಎತ್ತಿದ ಕೈಯನ್ನು ತಡೆಯಬಲ್ಲದು. ಆದರೆ ಮುಚ್ಚಿದ ಬಾಗಿಲನ್ನು ತೆರೆಯಿಸುವ ಶಕ್ತಿ ಕಾಯಿದೆಗೆ ಇಲ್ಲ. ಜಗಲಿಯಲ್ಲಿ ಕುಳ್ಳಿರಿಸಿ ಒಂದು ಲೋಟ ನೀರು ಕೊಡುವ ಮನೆ, ಕೇಳಿದ ಪ್ರಶ್ನೆಗೆ ಸತ್ಯವನ್ನು ಹೇಳುವ ಮನೆ, ಸೇವಕಿಯನ್ನು ಮರುದಿನವೂ ಹೊರಡುವಂತೆ ಮಾಡುತ್ತದೆ.

ಇಲ್ಲಿ ನಮ್ಮ ಕರ್ತವ್ಯವೇನೆಂಬುದು ಸ್ಪಷ್ಟವಾಗುತ್ತದೆ. ರೋಗನಿಯಂತ್ರಣದಲ್ಲಿ ಸ್ವಯಂಸೇವಕರಿಗೆ ಮಾತ್ರವಲ್ಲ, ಊರಿನ ಪ್ರತಿಯೊಬ್ಬರಿಗೂ ಒಂದು ಪಾಲುಂಟು. ಕುಂದಾಪುರ ಸೀಮೆಯ ಮೂಡಣ ಅಂಚಿನಲ್ಲಿ ಪಶ್ಚಿಮಘಟ್ಟದ ಕಾಡುಗಳಿವೆ. ಆ ಘಟ್ಟದಾಚೆ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಉಣುಗುಗಳ ಕಡಿತದಿಂದ ಬರುತ್ತದೆ. ಕಾಡಿನಲ್ಲಿ ಮಂಗಗಳು ಸತ್ತು ಬೀಳುವುದು ಈ ರೋಗದ ಮೊದಲ ಸೂಚನೆ. ಸತ್ತ ಮಂಗವನ್ನು ಮೊದಲು ನೋಡುವವರು ಸೌದೆಗೂ ಸೊಪ್ಪಿಗೂ ಕಾಡಿಗೆ ಹೋದ ಹಳ್ಳಿಗರು. ಅವರು ಅದನ್ನು ಮುಟ್ಟದೆ, ಆ ಜಾಗದಿಂದ ದೂರ ಸರಿದು, ಆ ದಿನವೇ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿದರೆ ಒಂದು ಊರೇ ಎಚ್ಚರಗೊಳ್ಳುತ್ತದೆ. ಕ್ಷಯರೋಗಿಯ ಮನೆಯ ಮಗ ಅಥವಾ ಮಗಳು, ‘ಅಪ್ಪಾ, ಇಂದಿನ ಮಾತ್ರೆ ನುಂಗಿದೆಯಾ?’ ಎಂದು ಆರು ತಿಂಗಳು ಕೇಳಿದರೆ ಅದೂ ಒಂದು ಸೇವೆಯೇ. ಕೆಮ್ಮು ನಿಂತಿತೆಂದು ಎರಡು ತಿಂಗಳಿಗೆ ಔಷಧವನ್ನು ಬಿಟ್ಟವರಲ್ಲಿ ರೋಗಾಣುವು ಔಷಧಕ್ಕೆ ಮಣಿಯದಂತೆ ಬಲಿತು ಇತರರಿಗೂ ಹರಡಬಹುದು. ವಾರಕ್ಕೊಮ್ಮೆ ಅಂಗಳದ ನೀರನ್ನು ಚೆಲ್ಲುವುದು, ಜ್ವರವನ್ನು ಮುಚ್ಚಿಡದಿರುವುದು, ರೋಗಿಯ ಬಗೆಗೆ ಗಾಳಿಮಾತನ್ನು ಹಬ್ಬಿಸದಿರುವುದು, ಇವು ನಿಮ್ಮ ವಯಸ್ಸಿನವರೂ ಇಂದೇ ಮಾಡಬಹುದಾದ ಕೆಲಸಗಳು.

2022ನೆಯ ಮೇ 22ರಂದು ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಹತ್ತು ಲಕ್ಷಕ್ಕೂ ಮಿಕ್ಕ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿಯನ್ನು ಪ್ರಕಟಿಸಿತು. ಒಬ್ಬ ವ್ಯಕ್ತಿಗಲ್ಲ, ಹೆಸರು ಹೇಳಿ ಮುಗಿಯದಷ್ಟು ಜನರಿಗೆ ಸಂದ ಗೌರವ ಅದು. ಆದರೆ ಪ್ರಶಸ್ತಿಗಳು ದೂರದಿಂದ ಬರುತ್ತವೆ, ಅಪರೂಪಕ್ಕೊಮ್ಮೆ ಬರುತ್ತವೆ. ಸೇವಕಿಯು ಪ್ರತಿ ದಿನವೂ ಎದುರುನೋಡುವ ಗೌರವವು ಹತ್ತಿರದ್ದು. ಆಕೆ ಬಾಗಿಲಲ್ಲಿ ನಿಂತು ‘ಜ್ವರ ಇತ್ತಾ?’ ಎಂದು ಕೇಳಿದಾಗ ಇದ್ದುದನ್ನು ಇದ್ದಂತೆ ಹೇಳುವುದೇ ಆ ಗೌರವ. ಊರನ್ನು ಕಾಯಲು ಹೊರಟವರ ಮನಸ್ಸನ್ನು ಕಾಯುವ ಹೊಣೆ ಊರಿನದು.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸೌಪರ್ಣಿಕಾ ನದಿಯು ಎಲ್ಲಿ ಸಮುದ್ರವನ್ನು ಸೇರುತ್ತದೆ?
2. ವಾರಕ್ಕೊಮ್ಮೆ ನಿಂತ ನೀರನ್ನು ಚೆಲ್ಲಬೇಕು, ಏಕೆ?
3. ಮಂಗನ ಕಾಯಿಲೆಯ ಮೊದಲ ಸೂಚನೆ ಯಾವುದು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಸಾಂಕ್ರಾಮಿಕ ರೋಗಗಳಿಗೂ ಇತರ ಬೇನೆಗಳಿಗೂ ಇರುವ ಅಂತರವೇನು?
2. 2020ರ ಮೇ ತಿಂಗಳಲ್ಲಿ ಆಶಾ ಕಾರ್ಯಕರ್ತೆಯರು ಯಾವ ಎರಡರ ನಡುವೆ ನಿಲ್ಲಬೇಕಾಯಿತು? ವಿವರಿಸಿರಿ.
3. ಸೇವೆಗೆ ಸಿದ್ಧವಾದ ಮನಸ್ಸನ್ನು ಬೆಳೆಗೆ ಹೋಲಿಸಿರುವುದರ ಔಚಿತ್ಯವೇನು?

ಇ. ಸಂದರ್ಭ ಸೂಚಿಸಿ ವಿವರಿಸಿರಿ.
1. ‘ನಾಟಿಗಿಂತ ಜೀವ ದೊಡ್ಡದು.’
2. ‘ಮುಂಬಯಿಯವರು ಬಂದರು.’

ಈ. ಚಟುವಟಿಕೆ
ನಿಮ್ಮ ಮನೆಯ ಸುತ್ತ ಮಳೆಗಾಲದಲ್ಲಿ ನೀರು ನಿಲ್ಲುವ ಜಾಗಗಳನ್ನು ಪಟ್ಟಿ ಮಾಡಿ, ಅವನ್ನು ಸರಿಪಡಿಸುವ ಬಗೆಯನ್ನು ಮನೆಯವರೊಡನೆ ಚರ್ಚಿಸಿರಿ.